ಡ್ರಮ್ ಸೆಟ್‌ಗೆ ಇನ್ನೊಂದು ಬೇಸ್ ಡ್ರಮ್ ಸೇರಿಸುತ್ತಿದ್ದೀರಾ? ‘ದೊಡ್ಡದಾದಷ್ಟೂ ಒಳ್ಳೆಯದು’ ಎಂಬ ಮಾತು ಎಷ್ಟು ನಿಜ?

ಸಂಕ್ಷಿಪ್ತವಾಗಿ

ಇರುವ ಡ್ರಮ್ ಸೆಟ್‌ಗೆ ಇನ್ನೊಂದು ಬೇಸ್ ಡ್ರಮ್ ಸೇರಿಸುವಾಗ ದೊಡ್ಡ ಸೈಜ್, ಅದೇ ಕಂಪನಿ, ಅದೇ ಮರ, ಅದೇ ಬಣ್ಣ ಬೇಕೇಬೇಕು ಎಂಬ ಸಲಹೆಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತವೆ. ಇವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಬರೀ ನಂಬಿಕೆ. ನಾದ ಹೊಂದಬೇಕಾದರೆ ಮೊದಲು ನೋಡಬೇಕಾದದ್ದು ಡ್ರಮ್ಮಿನ ಹೆಡ್, ಅದರ ಬಿಗಿ ಮತ್ತು ವ್ಯಾಸ. ಮರ ಮತ್ತು ಕಂಪನಿ ಆಮೇಲೆ. ಬಣ್ಣಕ್ಕೂ ನಾದಕ್ಕೂ ಸಂಬಂಧವಿಲ್ಲ. ಇನ್ನೊಂದು ಮುಖ್ಯ ಮಾತು: ಮೊಬೈಲ್ ಸ್ಪೀಕರಿನಲ್ಲಿ ವಿಡಿಯೋ ಕೇಳಿ ಬೇಸ್ ಡ್ರಮ್ ಆರಿಸಬೇಡಿ.

ಈ ವಿಷಯ ಯಾಕೆ?

ರಾಮನಗರದಲ್ಲಿ ಆಷಾಢ ಬಂದರೆ ಚಾಮುಂಡೇಶ್ವರಿ ಕರಗ. ಕನಕಪುರ ತಾಲ್ಲೂಕಿನಲ್ಲಿ ಕಬ್ಬಾಳಮ್ಮನ ಜಾತ್ರೆ, ಮಾಗಡಿಯಲ್ಲಿ ರಂಗನಾಥಸ್ವಾಮಿ ತೇರು, ಚನ್ನಪಟ್ಟಣದ ಕಡೆ ಕೆಂಗಲ್ ಹನುಮಂತರಾಯನ ಜಾತ್ರೆ. ಇವುಗಳ ನಡುವೆ ಊರೂರಿನ ಹಬ್ಬ, ಗಣೇಶನ ಮೆರವಣಿಗೆ, ಮದುವೆ, ನವೆಂಬರ್ ತಿಂಗಳ ರಾಜ್ಯೋತ್ಸವ. ಎಲ್ಲ ಕಡೆಯೂ ಪೂಜಾ ಕುಣಿತ, ತಮಟೆ, ಡೊಳ್ಳು ಇರುತ್ತವೆ. ರಾತ್ರಿ ವೇದಿಕೆಯ ಮೇಲೆ ಆರ್ಕೆಸ್ಟ್ರಾ, ಅದರ ಹಿಂದುಗಡೆ ಡ್ರಮ್ ಸೆಟ್.

ಇಂಥ ತಂಡಗಳು ನಡೆಯುವುದು ಸೀಸನ್ ಲೆಕ್ಕದಲ್ಲಿ. ನಾಲ್ಕು ತಿಂಗಳ ದುಡಿಮೆಯಲ್ಲಿ ಉಳಿದದ್ದನ್ನು ಒಟ್ಟುಹಾಕಿ ಒಂದು ವಾದ್ಯ ಕೊಳ್ಳುತ್ತಾರೆ. ಆಯ್ಕೆ ತಪ್ಪಿದರೆ ಮತ್ತೆ ಮುಂದಿನ ಸೀಸನ್‌ವರೆಗೆ ಕಾಯಬೇಕು. ‘24 ಇಂಚಿನದೇ ತಗೊಳ್ಳಿ, ಎದೆ ನಡುಗುತ್ತೆ’ ಎನ್ನುವ ಒಂದು ಫಾರ್ವರ್ಡ್ ನಂಬಿ ಸಾವಿರಾರು ರೂಪಾಯಿ ಹಾಕುವ ಮುಂಚೆ, ಅದರ ಹಿಂದಿರುವ ವಿಜ್ಞಾನ ಏನು ಹೇಳುತ್ತದೆ ಎಂದು ನೋಡೋಣ.

ಬೇಸ್ ಡ್ರಮ್ ಸದ್ದು ಮಾಡುವುದು ಹೇಗೆ?

ತಮಟೆ ಬಾರಿಸುವವರು ಕಾರ್ಯಕ್ರಮಕ್ಕೆ ಮುಂಚೆ ಹುಲ್ಲು ಅಥವಾ ಕಾಗದಕ್ಕೆ ಬೆಂಕಿ ಹಚ್ಚಿ ತಮಟೆಯನ್ನು ಕಾಯಿಸುವುದನ್ನು ನೀವು ನೋಡಿರುತ್ತೀರಿ. ಕಾಯಿಸಿದಾಗ ಚರ್ಮದಲ್ಲಿನ ತೇವ ಹೋಗಿ ಚರ್ಮ ಬಿಗಿಯಾಗುತ್ತದೆ. ‘ದಬ್ ದಬ್’ ಎನ್ನುತ್ತಿದ್ದದ್ದು ‘ಟಣ್ ಟಣ್’ ಎನ್ನುತ್ತದೆ. ಮಳೆಗಾಲದಲ್ಲಿ ಮತ್ತೆ ಮತ್ತೆ ಕಾಯಿಸಬೇಕು, ಏಕೆಂದರೆ ಚರ್ಮ ಗಾಳಿಯಿಂದ ತೇವ ಹೀರಿಕೊಂಡು ಸಡಿಲವಾಗುತ್ತದೆ.

ಡ್ರಮ್ಮಿನ ವಿಜ್ಞಾನದ ಅರ್ಧ ಭಾಗ ಇಷ್ಟರಲ್ಲೇ ಇದೆ. ಎಳೆದು ಕಟ್ಟಿದ ಹೊದಿಕೆಯ ಸ್ವರ ಮೂರು ಸಂಗತಿಗಳನ್ನು ಅವಲಂಬಿಸುತ್ತದೆ:

• ವ್ಯಾಸ: ಅಗಲ ಹೆಚ್ಚಾದಂತೆ ಸ್ವರ ಕೆಳಗಿಳಿಯುತ್ತದೆ.
• ಬಿಗಿ: ಬಿಗಿ ಹೆಚ್ಚಾದಂತೆ ಸ್ವರ ಮೇಲೇರುತ್ತದೆ.
• ಹೊದಿಕೆಯ ತೂಕ: ದಪ್ಪ, ಭಾರ ಹೆಚ್ಚಾದಂತೆ ಸ್ವರ ಕೆಳಗಿಳಿಯುತ್ತದೆ.

ಡ್ರಮ್ ಸೆಟ್‌ನಲ್ಲಿ ಈ ಹೊದಿಕೆಯನ್ನು ಹೆಡ್ ಎನ್ನುತ್ತಾರೆ. ಈಗ ಇದು ಸಾಮಾನ್ಯವಾಗಿ ಪಾಲಿಯೆಸ್ಟರ್ ಹಾಳೆಯಿಂದ ಮಾಡಿದ ಪ್ಲಾಸ್ಟಿಕ್ ಹೆಡ್. 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಇದು ಮಾರುಕಟ್ಟೆಗೆ ಬಂದ ಮೇಲೆ ಡ್ರಮ್ ಸೆಟ್‌ಗಳಲ್ಲಿ ಕರುವಿನ ಚರ್ಮದ ಬಳಕೆ ಕಡಿಮೆಯಾಯಿತು. ಪ್ಲಾಸ್ಟಿಕ್ ಹೆಡ್ ಮಳೆಗೆ ಚರ್ಮದಷ್ಟು ಸಡಿಲವಾಗುವುದಿಲ್ಲ. ಹಾಗೆಂದು ಶ್ರುತಿ ಮಾಡುವ ಕೆಲಸವೇ ಇಲ್ಲ ಎಂದಲ್ಲ. ಬಾರಿಸಿ ಬಾರಿಸಿ ಅದೂ ಜಗ್ಗುತ್ತದೆ, ಸ್ಕ್ರೂಗಳು ಸಡಿಲವಾಗುತ್ತವೆ.

ಇನ್ನು ಒಂದೊಂದೇ ನಂಬಿಕೆಯನ್ನು ನೋಡೋಣ.

ನಂಬಿಕೆ 1: ಸೈಜ್ ದೊಡ್ಡದಾದಷ್ಟೂ ಬೇಸ್ ಜಾಸ್ತಿ

ಅರ್ಧ ಸತ್ಯ.

ಡ್ರಮ್ ಸೆಟ್‌ಗಳಲ್ಲಿ ಹೆಚ್ಚಾಗಿ ಸಿಗುವ ಬೇಸ್ ಡ್ರಮ್ ವ್ಯಾಸ 20, 22 ಮತ್ತು 24 ಇಂಚು. ನಿಮ್ಮ ಹತ್ತಿರ 22 ಇಂಚಿನದು ಇದೆ ಎಂದಿಟ್ಟುಕೊಳ್ಳಿ. ಅದೇ ಹೆಡ್ಡನ್ನು ಅಷ್ಟೇ ಬಿಗಿಯಲ್ಲಿ 24 ಇಂಚಿನ ಡ್ರಮ್ಮಿಗೆ ಹಾಕಿದರೆ ಲೆಕ್ಕದ ಪ್ರಕಾರ ಸ್ವರ ಶೇ. 8ರಷ್ಟು ಇಳಿಯುತ್ತದೆ. ಹಾರ್ಮೋನಿಯಂ ಭಾಷೆಯಲ್ಲಿ ಹೇಳಬೇಕೆಂದರೆ, ಕಪ್ಪು ಬಿಳಿ ಎರಡೂ ಸೇರಿಸಿ ಎಣಿಸಿದಾಗ ಸುಮಾರು ಒಂದೂವರೆ ಕೀಲಿಯಷ್ಟು ಅಂತರ. ಕೇಳಿದರೆ ಗೊತ್ತಾಗುತ್ತದೆ, ಆದರೆ ಫಾರ್ವರ್ಡ್‌ಗಳು ಹೇಳುವಷ್ಟು ಭಾರಿ ವ್ಯತ್ಯಾಸವಲ್ಲ.

ಈಗ ಬಿಗಿಯ ಲೆಕ್ಕ ನೋಡಿ. ಅದೇ 22 ಇಂಚಿನ ಡ್ರಮ್ಮಿನಲ್ಲಿ ಹೆಡ್ಡಿನ ಬಿಗಿಯನ್ನು ಅರ್ಧಕ್ಕೆ ಇಳಿಸಿದರೆ ಸ್ವರ ಶೇ. 29ರಷ್ಟು ಇಳಿಯುತ್ತದೆ. ಅಂದರೆ ಆರು ಕೀಲಿಗಳಷ್ಟು. ಹೊಸ ಡ್ರಮ್ ಕೊಳ್ಳದೆಯೇ, ಸ್ಕ್ರೂ ತಿರುಗಿಸುವ ಒಂದು ಕೀಲಿಯಿಂದಲೇ, ಎರಡು ಇಂಚು ಸೈಜ್ ಕೊಡುವುದಕ್ಕಿಂತ ಹೆಚ್ಚಿನ ವ್ಯತ್ಯಾಸ ಸಿಗುತ್ತದೆ. ಬಿಗಿಯನ್ನು ಬೇಕಾದಷ್ಟು ಇಳಿಸುತ್ತಾ ಹೋಗಲು ಬರುವುದಿಲ್ಲ ಎಂಬುದೂ ನಿಜ. ಒಂದು ಮಿತಿ ದಾಟಿದರೆ ಹೆಡ್ ಸುಕ್ಕಾಗಿ ಸದ್ದು ಸತ್ತಂತಾಗುತ್ತದೆ. ತುಂಬ ಕೆಳಗಿನ ನಾದವೇ ಬೇಕೆಂದರೆ ದೊಡ್ಡ ವ್ಯಾಸ ಸಹಾಯಕ್ಕೆ ಬರುವುದು ಇಲ್ಲಿ.

ಶೆಲ್‌ನ ಉದ್ದ ಅಂದರೆ ಆಳದ ಬಗ್ಗೆಯೂ ಇದೇ ಗೊಂದಲವಿದೆ. 16 ಇಂಚಿನ ಬದಲು 20 ಇಂಚು ಆಳದ ಡ್ರಮ್ ತಂದರೆ ಸ್ವರ ಬಹಳ ಕೆಳಗಿಳಿಯುತ್ತದೆ ಎಂದು ಹಲವರು ನಂಬುತ್ತಾರೆ. ಆಳ ಮುಖ್ಯವಾಗಿ ಬದಲಿಸುವುದು ಹೊಡೆತದ ಅನುಭವವನ್ನು ಮತ್ತು ಮುಂದಿನ ಹೆಡ್ ಹಿಂದಿನ ಹೆಡ್ಡಿಗೆ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬುದನ್ನು. ಸ್ವರವನ್ನು ನಿರ್ಧರಿಸುವುದರಲ್ಲಿ ವ್ಯಾಸ ಮತ್ತು ಬಿಗಿಯ ಪಾಲೇ ದೊಡ್ಡದು. ಗೂಡ್ಸ್ ಆಟೋದಲ್ಲಿ ಸಾಮಾನು ಸಾಗಿಸುವ ತಂಡಕ್ಕೆ ಆ ನಾಲ್ಕು ಇಂಚು ಬೇರೆ ರೀತಿಯಲ್ಲಿ ಭಾರವಾಗಬಹುದು.

ನಂಬಿಕೆ 2: ಎರಡು ಡ್ರಮ್ ಇದ್ದರೆ ಸದ್ದು ಎರಡು ಪಟ್ಟು

ತಪ್ಪು.

ಒಂದೇ ಬಗೆಯ ಎರಡು ಡ್ರಮ್‌ಗಳನ್ನು ಒಟ್ಟಿಗೆ ಬಾರಿಸಿದರೆ ಶಬ್ದದ ಶಕ್ತಿ ಎರಡು ಪಟ್ಟಾಗುತ್ತದೆ ನಿಜ. ಅಳತೆಯಲ್ಲಿ ಅದು ಸುಮಾರು 3 ಡೆಸಿಬಲ್ ಏರಿಕೆ. ನಮ್ಮ ಕಿವಿಗೆ ಸದ್ದು ‘ಎರಡರಷ್ಟು’ ಎನ್ನಿಸಬೇಕಾದರೆ ಸಾಮಾನ್ಯವಾಗಿ ಸುಮಾರು 10 ಡೆಸಿಬಲ್ ಏರಬೇಕು. ಅಂದರೆ ಶಕ್ತಿ ಹತ್ತು ಪಟ್ಟಾಗಬೇಕು. ಬಯಲಿನಲ್ಲಿ 30 ಅಡಿ ದೂರ ನಿಂತವರು 60 ಅಡಿಗೆ ಸರಿದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಎರಡನೇ ಡ್ರಮ್ ಕೊಟ್ಟ ಲಾಭಕ್ಕಿಂತ ಇದು ಹೆಚ್ಚು.

ಹಾಗಾದರೆ ದೊಡ್ಡ ವಾದಕರು ಎರಡು ಬೇಸ್ ಡ್ರಮ್ ಇಟ್ಟುಕೊಳ್ಳುವುದು ಯಾಕೆ? ಅಮೆರಿಕದ ಜಾಝ್ ವಾದಕ ಲೂಯಿ ಬೆಲ್ಸನ್ 1940ರ ದಶಕದಲ್ಲೇ ಈ ಜೋಡಿಯನ್ನು ಜನಪ್ರಿಯಗೊಳಿಸಿದರು. 1960ರ ದಶಕದಲ್ಲಿ ಜಿಂಜರ್ ಬೇಕರ್, ಕೀತ್ ಮೂನ್ ಅವರಂಥ ರಾಕ್ ವಾದಕರು ಇದನ್ನು ಮುಂದುವರಿಸಿದರು. ಇದರ ದೊಡ್ಡ ಅನುಕೂಲ, ಎರಡೂ ಕಾಲುಗಳಿಂದ ವೇಗವಾಗಿ ಪೆಟ್ಟು ಹಾಕಬಹುದು ಎಂಬುದು. ಈ ಕೆಲಸಕ್ಕೆ ಈಗ ಡಬಲ್ ಪೆಡಲ್ ಸಿಗುತ್ತದೆ. ಒಂದೇ ಡ್ರಮ್ಮಿಗೆ ಎರಡು ಕೋಲುಗಳು ಬಂದು ಬಡಿಯುತ್ತವೆ. ಬಡಿಯುವುದು ಒಂದೇ ಡ್ರಮ್ಮಿಗೆ ಆದ್ದರಿಂದ ‘ಹೊಂದಿಸುವ’ ತಲೆನೋವೇ ಇಲ್ಲ. ವೇಗ ಮಾತ್ರ ಬೇಕಾದವರು ಡ್ರಮ್ ಅಂಗಡಿಗೆ ಹೋಗುವ ಮುಂಚೆ ಪೆಡಲ್ ವಿಚಾರಿಸುವುದು ಜಾಣತನ.

ನಂಬಿಕೆ 3: ಅದೇ ಕಂಪನಿ, ಅದೇ ಮರ, ಅದೇ ಬಣ್ಣ ಇರಲೇಬೇಕು

ನೋಟಕ್ಕೆ ಹೌದು, ಕಿವಿಗೆ ಬಹುಪಾಲು ಅಲ್ಲ.

ಚನ್ನಪಟ್ಟಣದ ಸುತ್ತಮುತ್ತಲಿನವರಿಗೆ ಮರದ ಗುಣ ಹೇಳಿಕೊಡಬೇಕಾಗಿಲ್ಲ. ಬೊಂಬೆಗೆ ಆಲೆ ಮರವೇ ಯಾಕೆ ಎಂದರೆ ಅದು ಮೆದು, ಬಿಳುಪು, ನುಣ್ಣಗೆ ಕಡೆಯಲು ಬರುತ್ತದೆ, ಅರಗಿನ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಕೆಲಸಕ್ಕೆ ತಕ್ಕ ಮರ ಎಂಬುದು ಅಲ್ಲಿನ ಅನುಭವ. ಡ್ರಮ್ಮಿನ ವಿಷಯದಲ್ಲೂ ಮೇಪಲ್, ಬರ್ಚ್, ಪಾಪ್ಲರ್ ಎಂದು ಮರದ ಹೆಸರುಗಳು ಕೇಳಿಬರುತ್ತವೆ. ಇವುಗಳಿಂದ ನಾದದಲ್ಲಿ ಸಣ್ಣ ವ್ಯತ್ಯಾಸ ಆಗಬಹುದು. ಆದರೆ ಡ್ರಮ್ಮಿನಲ್ಲಿ ಗಾಳಿಯನ್ನು ತಳ್ಳಿ ಸದ್ದು ಹುಟ್ಟಿಸುವುದು ಮುಖ್ಯವಾಗಿ ಹೆಡ್. ಶೆಲ್ ಅದಕ್ಕೆ ಹೋಲಿಸಿದರೆ ಬಹಳ ಭಾರ, ಬಹಳ ಗಡಸು. ಅದರ ಮುಖ್ಯ ಕೆಲಸ ಹೆಡ್ಡನ್ನು ಅಲುಗಾಡದಂತೆ ಹಿಡಿಯುವುದು ಮತ್ತು ಒಳಗಿನ ಗಾಳಿಗೆ ಗೋಡೆಯಾಗುವುದು.

ಹಾಗಾಗಿ ಮರದ ಹೆಸರಿಗಿಂತ ಈ ಎರಡನ್ನು ನೋಡಿ. ಒಂದು, ಶೆಲ್ ಸರಿಯಾಗಿ ದುಂಡಗಿದೆಯೇ? ಎರಡು, ಹೆಡ್ ಕೂರುವ ಅಂಚು ಎಲ್ಲ ಕಡೆ ಸಮನಾಗಿದೆಯೇ? ಹಳೆ ಡ್ರಮ್ ಕೊಳ್ಳುವವರು ಹೆಡ್ ಬಿಚ್ಚಿಸಿ ಶೆಲ್ಲನ್ನು ಸಮತಟ್ಟಾದ ಗ್ರಾನೈಟ್ ಹಲಗೆಯ ಮೇಲೆ ಬೋರಲು ಹಾಕಲಿ, ಒಳಗೆ ಟಾರ್ಚ್ ಹಚ್ಚಲಿ. ಅಂಚಿನ ಕೆಳಗೆ ಎಲ್ಲಾದರೂ ಬೆಳಕು ಇಣುಕಿದರೆ ಅಲ್ಲಿ ತಗ್ಗಿದೆ ಎಂದರ್ಥ. ಇಂಥ ಡ್ರಮ್ ಎಷ್ಟು ಒಳ್ಳೆಯ ಮರದ್ದಾದರೂ ಶ್ರುತಿಗೆ ಸುಲಭವಾಗಿ ಬರುವುದಿಲ್ಲ.

ಬಣ್ಣದ ವಿಷಯ: ಒಂದೇ ಕಂಪನಿಯ ಅದೇ ಬಣ್ಣ ತಂದರೂ ನಾಲ್ಕು ವರ್ಷ ಬಿಸಿಲು ಕಂಡ ಹಳೆ ಡ್ರಮ್ ಪಕ್ಕದಲ್ಲಿ ಹೊಸದು ಬೇರೆಯಾಗಿಯೇ ಕಾಣಬಹುದು. ಮುಂದಿನ ಹೆಡ್‌ಗಳ ಮೇಲೆ ತಂಡದ ಹೆಸರನ್ನು ಒಂದೇ ರೀತಿ ಬರೆಸಿದರೆ ದೂರದಿಂದ ಎರಡೂ ಜೋಡಿಯಂತೆ ಕಾಣುತ್ತವೆ. ಖರ್ಚೂ ಕಡಿಮೆ.

ನಂಬಿಕೆ 4: ಬೇಸ್ ಡ್ರಮ್ಮನ್ನು ಗಾಯಕರ ಶ್ರುತಿಗೇ ಕೂರಿಸಬೇಕು

ಮೃದಂಗಕ್ಕೆ ಸರಿ, ಬೇಸ್ ಡ್ರಮ್ಮಿಗೆ ಅಷ್ಟಾಗಿ ಅನ್ವಯಿಸುವುದಿಲ್ಲ.

ಇದಕ್ಕೆ ಉತ್ತರ ಕೊಟ್ಟವರಲ್ಲಿ ನಮ್ಮ ಸರ್ ಸಿ.ವಿ. ರಾಮನ್ ಒಬ್ಬರು. ನೊಬೆಲ್ ಬಹುಮಾನ ಬರುವುದಕ್ಕೆ ಹತ್ತು ವರ್ಷ ಮುಂಚೆ, 1920ರಲ್ಲಿ, ಅವರು ಶಿವಕಾಳಿ ಕುಮಾರ್ ಜೊತೆ ಸೇರಿ ‘ನೇಚರ್’ ಪತ್ರಿಕೆಯಲ್ಲಿ ಭಾರತೀಯ ತಾಳವಾದ್ಯಗಳ ಬಗ್ಗೆ ಬರೆದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಮತ್ತೆ ಅದೇ ವಿಷಯವನ್ನು ವಿಸ್ತಾರವಾಗಿ ಪ್ರಕಟಿಸಿದರು.

ಅವರು ತೋರಿಸಿದ್ದು ಇಷ್ಟು. ಸಾಮಾನ್ಯ ಡ್ರಮ್ಮಿನ ಹೊದಿಕೆ ಬಡಿದಾಗ ಹಲವು ಸ್ವರಗಳು ಒಟ್ಟಿಗೆ ಹೊರಡುತ್ತವೆ. ಮೊದಲ ಸ್ವರವನ್ನು 1 ಎಂದರೆ ಉಳಿದವು ಲೆಕ್ಕದ ಪ್ರಕಾರ 1.59, 2.14, 2.30 ಹೀಗೆ ಬರುತ್ತವೆ. ಇವು ಒಂದಕ್ಕೊಂದು ಹೊಂದದ ಕಾರಣ ಕಿವಿಗೆ ಸ್ಪಷ್ಟವಾದ ‘ಸ’ ಕೇಳಿಸುವುದಿಲ್ಲ. ಮೃದಂಗ, ತಬಲಾಗಳ ನಡುವೆ ಹಾಕುವ ಕಪ್ಪು ಕರಣೆಯಿಂದ ಹೊದಿಕೆಯ ತೂಕ ಬೇರೆ ರೀತಿ ಹಂಚಿಕೆಯಾಗಿ, ಈ ಸ್ವರಗಳು ಸುಮಾರು 1, 2, 3, 4, 5ರ ಅನುಪಾತಕ್ಕೆ ಬರುತ್ತವೆ. ಆದ್ದರಿಂದಲೇ ಮೃದಂಗ ಶ್ರುತಿಗೆ ಕೂರುತ್ತದೆ.

ಬೇಸ್ ಡ್ರಮ್ಮಿನಲ್ಲಿ ಕರಣೆ ಇಲ್ಲ. ಹಾಗಾಗಿ ಗಾಯಕರು ಎರಡು ಮನೆಯಲ್ಲಿ ಹಾಡಲಿ, ಐದು ಮನೆಯಲ್ಲಿ ಹಾಡಲಿ, ಪ್ರತಿ ಹಾಡಿಗೂ ಡ್ರಮ್ ಶ್ರುತಿ ಬದಲಿಸುವ ಅಗತ್ಯವಿಲ್ಲ. ನಿಮ್ಮ ಎರಡು ಬೇಸ್ ಡ್ರಮ್‌ಗಳ ನಡುವೆ ಹೊಂದಾಣಿಕೆ ಇದ್ದರೆ ಸಾಕು. ಡ್ರಮ್ ಬಹಳ ಹೊತ್ತು ಗುಂಯ್‌ಗುಡುತ್ತಾ ಬೇಸ್ ಗಿಟಾರ್ ಜೊತೆ ಕಲಸುಮೇಲೋಗರವಾಗುತ್ತಿದ್ದರೆ, ಒಳಗೆ ಒಂದು ಸಣ್ಣ ದಿಂಬನ್ನು ಹೆಡ್ಡಿಗೆ ತಾಗುವಂತೆ ಇಡಿ.

ನಂಬಿಕೆ 5: ವಿಡಿಯೋದಲ್ಲಿ ಚೆನ್ನಾಗಿ ಕೇಳಿಸಿತು, ಆದ್ದರಿಂದ ಡ್ರಮ್ ಚೆನ್ನಾಗಿದೆ

ಹೆಚ್ಚಿನವರು ಮೋಸ ಹೋಗುವುದು ಇಲ್ಲಿಯೇ.

ಡ್ರಮ್ ಸೆಟ್‌ನ ಬೇಸ್ ಡ್ರಮ್ಮಿನ ಮೂಲ ಸ್ವರ ಸಾಮಾನ್ಯವಾಗಿ 50ರಿಂದ 80 ಹರ್ಟ್ಜ್ ಆಸುಪಾಸು. 60 ಹರ್ಟ್ಜ್ ಶಬ್ದದ ಒಂದು ಅಲೆಯ ಉದ್ದವೇ ಸುಮಾರು 19 ಅಡಿ. ಇಂಥ ಅಲೆ ಹುಟ್ಟಿಸಲು ಬಹಳಷ್ಟು ಗಾಳಿಯನ್ನು ತಳ್ಳಬೇಕು. ಉಗುರಿನಷ್ಟು ಅಗಲದ ಮೊಬೈಲ್ ಸ್ಪೀಕರಿಗೆ ಆ ಶಕ್ತಿ ಇಲ್ಲ. ಕೆಲವು ನೂರು ಹರ್ಟ್ಜ್‌ಗಿಂತ ಕೆಳಗಿನದ್ದನ್ನು ಅದು ಬಹುಮಟ್ಟಿಗೆ ಕೇಳಿಸುವುದೇ ಇಲ್ಲ. ನಿಮಗೆ ಕೇಳಿಸುವುದು ಕೋಲು ಹೆಡ್ಡಿಗೆ ತಾಗಿದ ‘ಟಪ್’ ಸದ್ದು ಮತ್ತು ಮೇಲಿನ ಸ್ವರಗಳು. ಬೇಸ್ ಎಂದು ನೀವು ಕೊಳ್ಳಲು ಹೊರಟಿರುವ ಭಾಗ ಆ ವಿಡಿಯೋದಲ್ಲಿ ನಿಮ್ಮ ಕಿವಿಗೆ ತಲುಪಿಯೇ ಇಲ್ಲ.

ಇನ್ನೊಂದು ಸಂಗತಿ. ಮೊಬೈಲ್‌ಗಳು ರೆಕಾರ್ಡ್ ಮಾಡುವಾಗ ಜೋರು ಸದ್ದನ್ನು ತಾವಾಗಿಯೇ ತಗ್ಗಿಸಿ, ಸಣ್ಣ ಸದ್ದನ್ನು ಎತ್ತುವುದುಂಟು. ಎರಡು ವಿಡಿಯೋ ಹೋಲಿಸಿ ‘ಇದು ಜೋರು, ಅದು ಮೆಲ್ಲಗೆ’ ಎನ್ನುವುದು ಆದ್ದರಿಂದ ನಂಬಲರ್ಹವಲ್ಲ. ಅನಿವಾರ್ಯವಾದರೆ ಒಳ್ಳೆಯ ಇಯರ್‌ಫೋನ್ ಹಾಕಿ ಕೇಳಿ. ಸಾಧ್ಯವಿದ್ದರೆ ನಿಮ್ಮ ಹಳೆ ಡ್ರಮ್ಮನ್ನೇ ಅಂಗಡಿಗೆ ಒಯ್ಯಿರಿ. ಇಬ್ಬರು ಹೋಗಿ. ಒಬ್ಬರು ಬಾರಿಸಲಿ, ಇನ್ನೊಬ್ಬರು ಅಂಗಡಿಯ ಹೊರಗೆ 30 ಹೆಜ್ಜೆ ದೂರ ನಿಂತು ಬೆನ್ನು ಮಾಡಿ ಕೇಳಲಿ. ಯಾವುದು ಹಳೆಯದು, ಯಾವುದು ಹೊಸದು ಎಂದು ಹೇಳಲಾಗದಿದ್ದರೆ ಜೋಡಿ ಹೊಂದಿದೆ ಎಂದು ತಿಳಿಯಿರಿ.

ಕೊಳ್ಳುವ ಮುಂಚೆ ಅಳತೆ ಹೇಗೆ?

ಹೆಡ್ ಮತ್ತು ಕಬ್ಬಿಣದ ಅಥವಾ ಮರದ ಬಳೆ ಬಿಚ್ಚಿ, ಬರಿಯ ಶೆಲ್ಲಿನ ಹೊರ ಅಂಚಿನಿಂದ ಹೊರ ಅಂಚಿಗೆ ಟೇಪ್ ಹಿಡಿಯಿರಿ. ಬಳೆಯ ಮೇಲೆ ಅಳೆದರೆ ಲೆಕ್ಕ ಹೆಚ್ಚು ಬರುತ್ತದೆ. ಇನ್ನೊಂದು ದಾರಿ, ಶೆಲ್ಲಿನ ಸುತ್ತಳತೆ ತೆಗೆದು 3.14ರಿಂದ ಭಾಗಿಸುವುದು. ಸುತ್ತಳತೆ 175.5 ಸೆಂ.ಮೀ. ಬಂದರೆ ವ್ಯಾಸ ಸುಮಾರು 55.9 ಸೆಂ.ಮೀ., ಅಂದರೆ 22 ಇಂಚು.

ಆನ್‌ಲೈನ್‌ನಲ್ಲಿ ತರಿಸುವವರಿಗೆ ಒಂದು ಎಚ್ಚರಿಕೆ. ಕೆಲವು ಕಂಪನಿಗಳು ಆಳವನ್ನು ಮೊದಲು ಬರೆಯುತ್ತವೆ, ಕೆಲವು ವ್ಯಾಸವನ್ನು ಮೊದಲು ಬರೆಯುತ್ತವೆ. ‘20x18’ ಎಂದಿದ್ದರೆ 20 ಯಾವುದು, 18 ಯಾವುದು ಎಂದು ಕೇಳಿ ತಿಳಿದುಕೊಂಡೇ ಹಣ ಕಟ್ಟಿ.

ಮೆರವಣಿಗೆಯಲ್ಲಿ ಹೊತ್ತು ನಡೆಯಲು ಬೇಕೋ, ವೇದಿಕೆಯಲ್ಲಿ ಕೂತು ಬಾರಿಸಲು ಬೇಕೋ ಎಂಬುದನ್ನೂ ಮೊದಲೇ ತೀರ್ಮಾನಿಸಿ. ಬ್ಯಾಂಡ್ ಸೆಟ್‌ನವರು ಎದೆಗೆ ಕಟ್ಟಿಕೊಳ್ಳುವ ಡ್ರಮ್ ಹಗುರ, ಎರಡೂ ಬದಿಯಿಂದ ಬಾರಿಸಬಹುದು. ವೇದಿಕೆಯ ಡ್ರಮ್ಮಿಗೆ ನೆಲಕ್ಕೆ ಊರುವ ಕಾಲುಗಳಿರುತ್ತವೆ, ಪೆಡಲ್ ಕಚ್ಚಿಸಲು ಗಟ್ಟಿ ಬಳೆ ಬೇಕು. ‘ಎರಡಕ್ಕೂ ಆಗುತ್ತೆ’ ಎಂದು ಒಂದನ್ನೇ ತಂದರೆ ಮೂರು ಗಂಟೆಯ ಮೆರವಣಿಗೆಯಲ್ಲಿ ಹೊತ್ತವರ ಬೆನ್ನು ಲೆಕ್ಕ ಕೇಳುತ್ತದೆ.

ಕೈವಾದ್ಯಗಳಲ್ಲಿ ಸೈಜ್, ಚರ್ಮ, ಗೂಡು ಹೇಗೆಲ್ಲ ಬದಲಾಗುತ್ತವೆ ಎಂದು ಕಣ್ಣಾರೆ ನೋಡುವ ಆಸೆಯಿದ್ದರೆ ದೂರ ಹೋಗಬೇಕಿಲ್ಲ. ಎಚ್.ಎಲ್. ನಾಗೇಗೌಡರು ರಾಮನಗರದ ಹತ್ತಿರ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಕಟ್ಟಿದ ಜಾನಪದ ಲೋಕದಲ್ಲಿ ನಮ್ಮ ಜನಪದ ವಾದ್ಯಗಳ ಸಂಗ್ರಹವಿದೆ.

ತಂದ ಮೇಲೆ ಜೋಡಿ ಹೊಂದಿಸುವುದು

1. ಎರಡೂ ಡ್ರಮ್‌ಗಳಿಗೆ ಒಂದೇ ಬಗೆಯ ಹೆಡ್ ಹಾಕಿ. ಹಳೆಯದರಲ್ಲಿ ಸವೆದ ಹೆಡ್, ಹೊಸದರಲ್ಲಿ ಹೊಸ ಹೆಡ್ ಇದ್ದರೆ ಎಷ್ಟು ತಿರುಗಿಸಿದರೂ ಹೊಂದುವುದು ಕಷ್ಟ. ಬಜೆಟ್ ಮಾಡುವಾಗಲೇ ಎರಡು ಜೊತೆ ಹೆಡ್‌ಗಳ ದುಡ್ಡು ಎತ್ತಿಡಿ.
2. ಸ್ಕ್ರೂಗಳನ್ನು ಮೊದಲು ಕೈಯಲ್ಲೇ ಬಿಗಿ ಮಾಡಿ. ಆಮೇಲೆ ಎದುರು ಬದುರಿನ ಸ್ಕ್ರೂಗಳನ್ನು ಕಾಲು ಸುತ್ತಿನಂತೆ ತಿರುಗಿಸುತ್ತಾ ಬನ್ನಿ. ಕಾರಿನ ಚಕ್ರದ ನಟ್ ಬಿಗಿ ಮಾಡುವ ಕ್ರಮವೇ ಇದು.
3. ಪ್ರತಿ ಸ್ಕ್ರೂ ಬಳಿ ಅಂಚಿನಿಂದ ಒಂದೆರಡು ಇಂಚು ಒಳಗೆ ಬೆರಳಿನಿಂದ ತಟ್ಟಿ. ಎಲ್ಲ ಕಡೆ ಒಂದೇ ಸ್ವರ ಬರಬೇಕು.
4. ಹೊಸದು 24 ಇಂಚು, ಹಳೆಯದು 22 ಇಂಚು ಆಗಿದ್ದರೆ ಎರಡನ್ನೂ ಒಂದೇ ಸ್ವರಕ್ಕೆ ತರಲು ದೊಡ್ಡದರ ಬಿಗಿ ಶೇ. 19ರಷ್ಟು ಹೆಚ್ಚಿರಬೇಕು. ಸ್ಕ್ರೂ ಎಷ್ಟು ಸುತ್ತು ಎಂದು ಎಣಿಸಬೇಡಿ, ಕಿವಿಯನ್ನು ನಂಬಿ.
5. ಒಳಗಿನ ದಿಂಬು, ಪೆಡಲ್ ಕೋಲಿನ ತುದಿ ಎರಡರಲ್ಲೂ ಒಂದೇ ಬಗೆಯದಿರಲಿ.

ಎದೆ ನಡುಗಬೇಕೆ? ಕಿವಿಯ ಮಾತನ್ನೂ ಕೇಳಿ

ಬೇಸ್ ಹೆಚ್ಚಿಸುವ ಪೈಪೋಟಿಯಲ್ಲಿ ಮರೆತುಹೋಗುವುದು ಬಾರಿಸುವವರ ಕಿವಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬಲ್ ಸದ್ದು ವಾರಕ್ಕೆ 40 ಗಂಟೆಯವರೆಗೆ ಸುರಕ್ಷಿತ. ಸದ್ದು 90 ಡೆಸಿಬಲ್‌ಗೆ ಏರಿದರೆ ಆ ಅವಧಿ ವಾರಕ್ಕೆ ಸುಮಾರು 4 ಗಂಟೆಗೆ, 100 ಡೆಸಿಬಲ್‌ಗೆ ಏರಿದರೆ ಸುಮಾರು 20 ನಿಮಿಷಕ್ಕೆ ಇಳಿಯುತ್ತದೆ. ಡ್ರಮ್ ಹತ್ತಿರ ಕೂತವರಿಗೆ 100 ಡೆಸಿಬಲ್ ದಾಟುವುದು ಅಪರೂಪವಲ್ಲ. ಹೀಗೆ ಹಾಳಾದ ಶ್ರವಣಶಕ್ತಿ ಮರಳಿ ಬರುವುದಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಕಿವಿಯಲ್ಲಿ ‘ಕುಂಯ್’ ಎನ್ನುವ ಸದ್ದು ಉಳಿದರೆ ಅದು ಎಚ್ಚರಿಕೆಯ ಗಂಟೆ. ವಾದಕರಿಗೆ ಇಯರ್‌ಪ್ಲಗ್ ಸಿಗುತ್ತವೆ. ಹೊಸ ಡ್ರಮ್ಮಿನ ಬೆಲೆಯ ಮುಂದೆ ಅವುಗಳ ಬೆಲೆ ಏನೇನೂ ಅಲ್ಲ. ಹತ್ತಿ ತುರುಕಿಕೊಳ್ಳುವುದು ಸಾಕಷ್ಟು ರಕ್ಷಣೆ ಕೊಡುವುದಿಲ್ಲ.

ಕಾನೂನೂ ಗೊತ್ತಿರಲಿ. ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ‘ನಾವು ಮೈಕ್ ಹಾಕಿಲ್ಲ, ಬರೀ ಡ್ರಮ್’ ಎಂಬ ವಾದ ನಿಲ್ಲುವುದಿಲ್ಲ, ಸಂಗೀತ ವಾದ್ಯಗಳಿಗೂ ಈ ನಿಯಮ ಅನ್ವಯಿಸುತ್ತದೆ. ಹಬ್ಬಗಳ ಸಂದರ್ಭದಲ್ಲಿ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ತಗ್ಗಿನ ಸ್ವರಗಳು ಗೋಡೆ, ಕಿಟಕಿಗಳನ್ನು ಸುಲಭವಾಗಿ ದಾಟುತ್ತವೆ ಎಂಬುದನ್ನೂ ನೆನಪಿಡಿ. ನಿಮಗೆ ಹಾಡು ನಿಂತ ಮೇಲೂ ಪಕ್ಕದ ಬೀದಿಯ ಮನೆಯಲ್ಲಿ ಮಲಗಿದ ಮಗುವಿಗೆ ಕೇಳಿಸುವುದು ಬೇಸ್ ಡ್ರಮ್ಮೇ.

ಕೊನೆಯ ಮಾತು

‘ದೊಡ್ಡ ಡ್ರಮ್ ತಂದರೆ ನಾದ ತಾನಾಗಿಯೇ ಸರಿಹೋಗುತ್ತದೆ’ ಎಂಬುದು ಅರ್ಧ ಸತ್ಯ. ಮೊದಲು ಇರುವ ಡ್ರಮ್ಮಿಗೆ ಹೊಸ ಹೆಡ್ ಹಾಕಿ, ಸರಿಯಾಗಿ ಶ್ರುತಿ ಮಾಡಿ ಒಂದು ಕಾರ್ಯಕ್ರಮ ಬಾರಿಸಿ ನೋಡಿ. ಆಗಲೂ ಇನ್ನೊಂದು ಬೇಕೆನ್ನಿಸಿದರೆ ಅದೇ ವ್ಯಾಸದ, ದುಂಡು ಸರಿಯಿರುವ ಡ್ರಮ್ ಹುಡುಕಿ. ಕಂಪನಿಯ ಹೆಸರು ಮತ್ತು ಬಣ್ಣ ಕೊನೆಗೆ ಬರಲಿ.

ನಿಮ್ಮ ಗುಂಪಿಗೆ ಮತ್ತೆ ‘24 ಇಂಚಿನದೇ ಬೆಸ್ಟ್’ ಎಂಬ ವಿಡಿಯೋ ಬಂದರೆ, ಫಾರ್ವರ್ಡ್ ಒತ್ತುವ ಮುಂಚೆ ಒಂದು ಪ್ರಶ್ನೆ ಕೇಳಿ: ಇದನ್ನು ನೀವು ಕೇಳಿದ್ದು ಯಾವ ಸ್ಪೀಕರಿನಲ್ಲಿ?